ಮೂರು ಕೋಟೇಶನ್ನಿನ ಹಿಮದ ಹಳ್ಳಿ

ನನ್ನನ್ನು ಬಲ್ಲವರು ನಿಧಾನಿ ಎನ್ನುತ್ತಾರೆ. ನಾನು ನಿಧಾನಿ ಅಲ್ಲ, ಜಾಗ್ರತೆಯವನು. ಮದುವೆಯಾದ ಆರು ವರ್ಷಗಳಿಂದ ಇದನ್ನು ಹೇಳಿಕೊಂಡೇ ಬಂದಿದ್ದೇನೆ. ಮೊದಲು ಇದನ್ನು ನಂಬುವವರು ಇಬ್ಬರಿದ್ದರು, ನಾನು ಮತ್ತು ನನ್ನ ಅಮ್ಮ. ಈಗ ಆ ಮಾತು ಬಂದಾಗಲೆಲ್ಲ ಅಮ್ಮ ಫೋನಿನಲ್ಲಿ ಲೈನ್ ಸರಿಯಿಲ್ಲ ಎನ್ನುತ್ತಾರೆ. ತಪ್ಪು ನನ್ನದಲ್ಲ, ನನ್ನ ಕೆಲಸದ್ದು. ದುಬೈ ಸಿಲಿಕಾನ್ ಓಯಸಿಸ್‌ನ ಒಂದು ಕಂಪನಿಯಲ್ಲಿ ನಾನು ಪರ್ಚೇಸ್ ಆಫೀಸರ್. ಕುರ್ಚಿ, ಕೇಬಲ್, ಟೀ ಪುಡಿ, ಆಫೀಸಿಗೆ ಏನೇ ಬರಬೇಕಾದರೂ ನನ್ನ ಮೇಜನ್ನು ದಾಟಿಯೇ ಬರಬೇಕು. ನಮ್ಮಲ್ಲಿ ಒಂದು ಕಾನೂನು ಉಂಟು. ಏನೇ ಕೊಳ್ಳುವುದಾದರೂ ಮೂರು ಕಡೆಯಿಂದ ಕೋಟೇಶನ್ ತರಿಸಬೇಕು, ಮೂರನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದು ಹೋಲಿಸಬೇಕು, ಆಮೇಲೆ ಸಹಿ. ಎರಡು ಸಾಲದು. ಮೂವರಲ್ಲಿ ಒಬ್ಬ ಹಿಂದೆ ಸರಿದರೆ ಇನ್ನೊಬ್ಬನನ್ನು ಹುಡುಕಿ ತಂದು ಮತ್ತೆ ಮೂರು ಮಾಡಬೇಕು.

ಒಮ್ಮೆ ಅಕೌಂಟ್ಸ್ ವಿಭಾಗದವರು ಸ್ಟೇಪ್ಲರ್ ಕೇಳಿದ್ದರು. ಮೂರನೆಯ ಕೋಟೇಶನ್ ಬರುವ ಹೊತ್ತಿಗೆ ಮೊದಲನೆಯ ಅಂಗಡಿಯೇ ಮುಚ್ಚಿಹೋಯಿತು. ಅದರ ಜಾಗಕ್ಕೆ ಬೇರೊಬ್ಬನನ್ನು ಹುಡುಕುವುದರೊಳಗೆ ಅಕೌಂಟ್ಸ್‌ನವರು ಬೇಸತ್ತು ಕಾಗದವನ್ನೇ ಬಿಟ್ಟು ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿಬಿಟ್ಟರು. ಕಂಪನಿಗೆ ಉಳಿತಾಯ ಮಾಡಿಕೊಟ್ಟೆ ಎಂದು ಮ್ಯಾನೇಜರ್ ನನ್ನ ಬೆನ್ನು ತಟ್ಟಿದರು. ಹೀಗೆ ಬೆನ್ನು ತಟ್ಟಿಸಿಕೊಂಡೇ ನಾನು ಕೆಟ್ಟದ್ದು. ಮದುವೆಗೂ ನನಗೆ ಮೂರು ಸಂಬಂಧ ಬಂದಿತ್ತು, ಸುಳ್ಳಲ್ಲ. ಮೂರನ್ನೂ ತೂಗುತ್ತಾ ಅಳೆಯುತ್ತಾ ಊರಿನ ರಜೆ ಮುಗಿಸುವುದರಲ್ಲಿದ್ದೆ. ಅಷ್ಟರಲ್ಲಿ ಮೂವರಲ್ಲಿ ಒಬ್ಬಳಾದ ಲವೀನಾ ತಾನೇ ಫೋನ್ ಮಾಡಿ, "ಆದಿತ್ಯವಾರದೊಳಗೆ ಹೌದಾ ಅಲ್ವಾ ಹೇಳಿ, ಸೋಮವಾರ ನನಗೆ ಡ್ಯೂಟಿ ಉಂಟು" ಎಂದಳು. ಗಾಬರಿಯಲ್ಲಿ ಹೌದು ಎಂದುಬಿಟ್ಟೆ. ನನ್ನ ಬಾಳಿನಲ್ಲಿ ಆದ ಒಂದೇ ಒಂದು ಒಳ್ಳೆಯ ತೀರ್ಮಾನ ಅದು. ಅದನ್ನೂ ಮಾಡಿದ್ದು ಅವಳು.

ಲವೀನಾ ಅಬುಧಾಬಿಯ ಬನಿಯಾಸ್‌ನಲ್ಲಿ ಒಂದು ಆಸ್ಪತ್ರೆಯ ನರ್ಸ್. ಬೆಳಿಗ್ಗೆ ಸ್ಟಾಫ್ ಬಸ್ಸು ಹತ್ತಿದರೆ ಹನ್ನೆರಡು ಗಂಟೆ ಡ್ಯೂಟಿ ಮುಗಿಸಿ ಅದೇ ಬಸ್ಸಿನಲ್ಲಿ ಮರಳಬೇಕು. ಕಳೆದ ವರ್ಷ ನಮಗೆ ಅವಳಿ ಮಕ್ಕಳಾದವು, ಆರನ್ ಮತ್ತು ಅನಾಯಾ. ಮಕ್ಕಳನ್ನು ನೋಡಿಕೊಳ್ಳಲು ಅವಳ ತಾಯಿ ಊರಿನಿಂದ ಬಂದಿದ್ದಾರೆ. ನಮ್ಮ ಕೊಂಕಣಿಯಲ್ಲಿ ಅತ್ತೆಗೆ ಮಾಂಯ್ ಎನ್ನುತ್ತೇವೆ, ಇಲ್ಲೂ ಹಾಗೇ ಕರೆಯುತ್ತೇನೆ. ಗಲ್ಫಿನಲ್ಲಿ ರಜೆ ಎಂದರೆ ಊರಿಗೆ ಹೋಗುವುದು, ಬೇರೆ ಅರ್ಥವೇ ಇಲ್ಲ. ಮಕ್ಕಳ ಜ್ಞಾನಸ್ನಾನಕ್ಕೆಂದು ಮೇ ತಿಂಗಳಲ್ಲಿ ಹೋದಾಗ ಹತ್ತೊಂಬತ್ತು ಮನೆಗೆ ಹೋಗಿ, ಹತ್ತೊಂಬತ್ತು ಮನೆಯಲ್ಲೂ ಮಕ್ಕಳು ಯಾರ ಹಾಗೆ ಎಂಬ ವಿಚಾರಣೆ ಮುಗಿಸಿ ಬಂದೆವು. ವಿಮಾನ ಇಳಿಯುವಾಗಲೇ ಲವೀನಾ, "ಇದು ರಜೆ ಅಲ್ಲ ಮಾರಾಯ, ಡಬಲ್ ಡ್ಯೂಟಿ" ಎಂದಿದ್ದಳು.

ಮಕ್ಕಳಿಗೆ ಏಳು ತಿಂಗಳಾಗಿದ್ದ ಆಗಸ್ಟಿನಲ್ಲಿ ಒಂದು ದಿನ ಅವಳು ಬಸ್ಸಿಳಿದು ಬಂದವಳೇ ಶೂ ಕೂಡ ಬಿಚ್ಚದೆ ಸೋಫಾದಲ್ಲಿ ಕೂತು, "ಸ್ಟ್ಯಾನಿ, ಜನವರಿಯಲ್ಲಿ ನನಗೆ ಹತ್ತು ದಿನ ರಜೆ ಸಿಕ್ಕಿದೆ. ಊರಿಗೆ ಬೇಡ. ಹಿಮ ಇರುವ ಕಡೆ ಹೋಗುವ. ಆಸ್ಟ್ರಿಯಾದಲ್ಲಿ ಹಳ್ಳಿಗಳು ಉಂಟಂತೆ, ಅಲ್ಲಿ ದಿನಕ್ಕೆ ಎರಡು ಗಂಟೆ ಪುಟ್ಟ ಮಕ್ಕಳನ್ನು ನೋಡಿಕೊಳ್ತಾರಂತೆ. ನಮ್ಮ ವಾರ್ಡಿನ ಡಾಕ್ಟರ್ ಹೇಳಿದ್ದು" ಎಂದಳು.

"ಯಾವ ಹಳ್ಳಿ?"

"ಅದನ್ನು ನೀನು ನೋಡು, ನನ್ನನ್ನು ಕೇಳಬೇಡ. ನನಗೆ ಬೇಕಾದ್ದು ಒಂದೇ. ಸ್ವಲ್ಪ ದಿನ ಯಾರೂ ನನ್ನನ್ನು ಏನೂ ಕೇಳಬಾರದು. ಅಲ್ಲಿ ಎಲ್ಲದಕ್ಕೂ ಸಿಸ್ಟರ್, ಸಿಸ್ಟರ್. ಇಲ್ಲಿ ಬಾಟಲ್ ಎಲ್ಲುಂಟು, ಡೈಪರ್ ಎಲ್ಲುಂಟು, ನೀರು ಇಷ್ಟು ಬಿಸಿ ಸಾಕಾ. ಹಿಮ ನೋಡಿಕೊಂಡು ಸುಮ್ಮನೆ ಕೂರಬೇಕು ನನಗೆ. ಅಷ್ಟೇ."

"ಅಷ್ಟೇ ತಾನೇ, ಬಿಡು" ಎಂದೆ. ದೇವರೇ, ಎಷ್ಟು ಸುಲಭವಾಗಿ ಎಂದೆ!

ಆ ಸಂಜೆಯೇ ಕಂಪ್ಯೂಟರಿನಲ್ಲಿ ಒಂದು ಹಾಳೆ ತೆರೆದು ಮೇಲೆ ಮೂರು ಕಾಲಮ್ ಎಳೆದೆ. ಐದು ನಿಮಿಷದಲ್ಲಿ ಮೊದಲನೆಯದು ಸಿಕ್ಕಿತು. ಬೆಟ್ಟದ ತುದಿಯಲ್ಲಿ ಒಂದು ಹಳ್ಳಿ, ಹಳ್ಳಿಯ ತುದಿಯಲ್ಲಿ ಒಂದು ಹೋಟೆಲು, ಕಿಟಕಿಯ ಹೊರಗೆ ಬರೀ ಬಿಳಿ. ಖುಷಿಯಿಂದ ಬರೆದುಕೊಳ್ಳುತ್ತಾ ಹೋದವನು ಕೆಳಗಿನ ಸಣ್ಣ ಅಕ್ಷರ ಓದಿದೆ. ಹದಿನಾರು ವರ್ಷದೊಳಗಿನವರಿಗೆ ಪ್ರವೇಶವಿಲ್ಲವಂತೆ! ಆ ಕಾಲಮ್ಮಿಗೆ ಕೆಂಪು ಗೆರೆ ಎಳೆದು ಷರಾ ಬರೆದೆ: "ತಿರಸ್ಕೃತ. ಮಕ್ಕಳನ್ನು ಬೇಡ ಎನ್ನುವವರು ಎಂಥ ಜನ!" ನಾನು ಬೇಗ ತೀರ್ಮಾನಿಸುವುದಿಲ್ಲ ಎನ್ನುವವರು ಇದನ್ನು ಗಮನಿಸಬೇಕು.

ಆಮೇಲೆ ಶುರುವಾಯಿತು ನೋಡಿ ನನ್ನ ಕರ್ಮ. ಆಸ್ಟ್ರಿಯಾದಲ್ಲಿ ಹಿಮದ ಹಳ್ಳಿಗಳು ಒಂದೆರಡಲ್ಲ. ಎಲ್ಲ ಹಳ್ಳಿಯಲ್ಲೂ ಒಂದು ಚೂಪು ಗೋಪುರದ ಇಗರ್ಜಿ, ಒಂದು ಮರದ ಮನೆ, ಹಿಂದೆ ಒಂದು ಬೆಟ್ಟ, ಬಾಯಿಗೆ ಹೊರಳದ ಒಂದು ಹೆಸರು. ಹೆಸರಿನ ಗೋಜೇ ಬೇಡವೆಂದು ಒಂದಕ್ಕೆ ಕೆರೆಹಳ್ಳಿ, ಒಂದಕ್ಕೆ ಸುರಂಗದ ಹಳ್ಳಿ, ದನದ ಚಿತ್ರ ಹಾಕಿದ್ದ ಇನ್ನೊಂದಕ್ಕೆ ದನದಹಳ್ಳಿ ಎಂದು ನಾನೇ ನಾಮಕರಣ ಮಾಡಿದೆ. ಕೆಳಗೆ ಸಾಲುಗಳು ಬೆಳೆದವು. ವಿಮಾನ ನಿಲ್ದಾಣದಿಂದ ಎಷ್ಟು ದೂರ, ತೊಟ್ಟಿಲು ಒಂದೋ ಎರಡೋ, ಮಕ್ಕಳ ಡಾಕ್ಟರ್ ಇದ್ದಾರೋ, ನಮ್ಮ ಜೋಡಿ ಮಕ್ಕಳ ತಳ್ಳುಗಾಡಿ ಅವರ ಲಿಫ್ಟಿನೊಳಗೆ ಹಿಡಿಯುತ್ತದೋ, ಮಕ್ಕಳಿಗೆ ತಿನ್ನಿಸುವ ರಾಗಿ ಮಣ್ಣಿ ಕಾಯಿಸಲು ಒಲೆ ಸಿಗುತ್ತದೋ. ಹಿಮದಲ್ಲಿ ಜಾರುವ ಇಳಿಜಾರು ಎಷ್ಟು ಉದ್ದ ಎಂಬುದಕ್ಕೂ ಒಂದು ಸಾಲು ಇಟ್ಟಿದ್ದೆ. ನಮ್ಮ ಮನೆಯಲ್ಲಿ ಸ್ಕೀಯಿಂಗ್ ಬಲ್ಲವರು ಯಾರೂ ಇಲ್ಲ. ಮಾಂಯ್‌ಗೆ ಮೊಣಕಾಲು ನೋವು, ನನಗೆ ಎಸ್ಕಲೇಟರ್ ಎಂದರೇ ಭಯ, ಆರನ್‌ಗೆ ಆಗಷ್ಟೇ ಕೂರಲು ಬಂದಿತ್ತು. ಆದರೂ ಹೋಲಿಕೆ ಎಂದ ಮೇಲೆ ಎಲ್ಲವನ್ನೂ ಹೋಲಿಸಬೇಕಲ್ಲ.

ಮಾಂಯ್ ಒಂದು ದಿನ ಹಾಳೆಯತ್ತ ಬಗ್ಗಿ ನೋಡಿ, "ಅಲ್ಲಿ ಇಗರ್ಜಿ ಉಂಟಾ ಸ್ಟ್ಯಾನಿ?" ಎಂದರು. ಎಲ್ಲ ಕಡೆಯೂ ಉಂಟು ಎಂದೆ. "ಪಾದ್ರಿ ನಮ್ಮ ಕಡೆಯವರಾ?" ಎಂದರು. ಆಸ್ಟ್ರಿಯಾದ ಬೆಟ್ಟದ ತುದಿಯಲ್ಲಿ ನಮ್ಮ ಕಡೆಯ ಪಾದ್ರಿ ಎಲ್ಲಿಂದ ಬರಬೇಕು ಎಂದು ನಾನು ನಕ್ಕೆ. ನಗಬಾರದಿತ್ತು. ಮೂರೇ ದಿನದಲ್ಲಿ, ನಾಲ್ಕೇ ಫೋನಿನಲ್ಲಿ, ಅವರು ಒಬ್ಬರನ್ನು ಹುಡುಕಿದರು. ಅವರ ನಾದಿನಿಯ ಪಕ್ಕದ ಮನೆಯವರ ಅಳಿಯನ ಅಣ್ಣ, ಅಲ್ಲೊಂದು ಹಳ್ಳಿಯ ವಿಗಾರ, ಅಂದರೆ ಇಗರ್ಜಿಯ ಮುಖ್ಯ ಪಾದ್ರಿ! ಫಾದರ್ ವಾಟ್ಸಾಪಿನಲ್ಲಿ ಬಾಯ್ತುಂಬ ಮಾತಾಡಿ ಕಳಿಸಿದ್ದರು: "ಬನ್ನಿ ಬನ್ನಿ, ಬರುವಾಗ ಎರಡು ಕಿಲೋ ಕುಚ್ಚಲಕ್ಕಿ ತನ್ನಿ. ಹಿಮ ಎಂತದು ಮಾರಾಯ್ರೆ, ಬೇಕಾದಷ್ಟುಂಟು. ಇಗರ್ಜಿ ಎದುರಿನದ್ದನ್ನು ಸಲಿಕೆಯಲ್ಲಿ ಎತ್ತಿ ಎತ್ತಿ ನನ್ನ ಸೊಂಟ ಹೋಗಿದೆ." ಅವರ ಹಳ್ಳಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಲಿಲ್ಲ. ನನ್ನ ಹಾಳೆಯಲ್ಲಿ ಮಾತ್ರ 'ನಮ್ಮ ಕಡೆಯ ಪಾದ್ರಿ' ಎಂದು ಮತ್ತೊಂದು ಸಾಲು ಸೇರಿತು. ಆ ಸಾಲಿನಲ್ಲಿ ಉಳಿದ ಹಳ್ಳಿಗಳೆಲ್ಲ ಫೇಲ್.

ಹಳ್ಳಿ ಸಿಗದಿದ್ದರೂ ಬಟ್ಟೆಯಾದರೂ ಆಗಲಿ ಎಂದು ಅಕ್ಟೋಬರಿನ ಒಂದು ಶನಿವಾರ ಮಕ್ಕಳನ್ನು ಕಟ್ಟಿಕೊಂಡು ದುಬೈಯ ನೈಫ್ ಮಾರುಕಟ್ಟೆಗೆ ಹೋದೆ. ಅಲ್ಲಿ ಭಟ್ಕಳದ ಇಲಿಯಾಸ್ ಭಾಯ್ ಅವರ ಅಂಗಡಿ ಉಂಟು, ಸುಡು ಬಿಸಿಲಿನಲ್ಲೂ ಚಳಿಯ ಕೋಟು ಮಾರುವ ಧೈರ್ಯವಂತರು. ಹಿಮದ ಅಂಗಿ ಎಂದರೆ ಅಂಗಿ ಅಲ್ಲ, ಕೈಕಾಲು ಇರುವ ಹಾಸಿಗೆ. ಅದರೊಳಗೆ ಸೇರಿಸಿದ ಕೂಡಲೇ ಆರನ್ ನಾಲ್ಕು ಕೈಕಾಲನ್ನೂ ನಾಲ್ಕು ದಿಕ್ಕಿಗೆ ಚಾಚಿ ಕೌಂಟರಿನ ಮೇಲೆ ಹಾಗೇ ಉಳಿದುಬಿಟ್ಟ. ಅನಾಯಾ ಕೆಂಪಗಾಗಿ ಬೊಬ್ಬೆ ಹೊಡೆದಳು. "ಯಾವ ಊರಿಗೆ ಸಾರ್ ಹೋಗೋದು?" ಎಂದರು ಇಲಿಯಾಸ್ ಭಾಯ್. ಇನ್ನೂ ನಿಶ್ಚಯ ಆಗಿಲ್ಲ ಎಂದೆ. ಅವರು ಟೇಪು ಕೆಳಗಿಟ್ಟರು. "ಊರೇ ನಿಶ್ಚಯ ಆಗದೆ ಕೋಟು ತಗೊಳ್ಳೋರನ್ನ ಈ ಮೂವತ್ತು ವರ್ಷದಲ್ಲಿ ನಾನು ನೋಡಿಲ್ಲ. ಹೋಗ್ಲಿ, ಒಂದು ಸೈಜು ದೊಡ್ಡದು ತಗೊಳ್ಳಿ. ಮಕ್ಕಳು ಬೆಳೀತಾವೆ, ಅವು ನಿಮಗೆ ಕಾಯೋದಿಲ್ಲ." ಆದರೆ ನಾನು ಅಳತೆ ಬರೆದುಕೊಂಡು ಹೋಗಿದ್ದವನು. ಬರೆದ ಅಳತೆಗೆ ಸರಿಯಾಗಿಯೇ ತಂದೆ. ಡಿಸೆಂಬರ್ ಹೊತ್ತಿಗೆ ಅದರೊಳಗೆ ಆರನ್‌ನ ಒಂದು ಕಾಲು ಮಾತ್ರ ಹೋಗುತ್ತಿತ್ತು.

ಈ ನಡುವೆ ಕೆರೆಹಳ್ಳಿಯ ಹೋಟೆಲಿನ ಒಡತಿಯಿಂದ ಉತ್ತರ ಬಂತು. ನಾನು ಆಫೀಸಿನ ರೂಢಿಯಂತೆ, ಇಬ್ಬರು ವಯಸ್ಕರು, ಒಬ್ಬರು ಹಿರಿಯ ನಾಗರಿಕರು, ಎರಡು ಶಿಶುಗಳಿಗೆ ತಮ್ಮ ಉತ್ತಮ ಕೋಟೇಶನ್ ಕಳಿಸತಕ್ಕದ್ದು ಎಂದು ಬರೆದಿದ್ದೆ. ಆಕೆ ಅದಕ್ಕೆ ಕೇಳಿದ್ದು, ಮಕ್ಕಳ ಹೆಸರೇನು ಎಂದು! ಅವಳಿಗಳನ್ನು ಕೂರಿಸಿ ಎಳೆಯುವ ಮರದ ಜಾರುಗಾಡಿ ತಮ್ಮಲ್ಲಿದೆ, ಮಕ್ಕಳನ್ನು ತಾನೂ ತನ್ನ ಅಕ್ಕನೂ ನೋಡಿಕೊಳ್ಳುತ್ತೇವೆ, ತಾಯಿ ನಿಶ್ಚಿಂತೆಯಿಂದ ಮಲಗಲಿ, ಕೋಣೆಯನ್ನು ಮುಂದಿನ ಶುಕ್ರವಾರದವರೆಗೆ ಯಾರಿಗೂ ಕೊಡದೆ ಇಟ್ಟಿರುತ್ತೇನೆ ಎಂದು ಬರೆದಿದ್ದರು. ಇದಕ್ಕಿಂತ ಇನ್ನೇನು ಬೇಕಿತ್ತು ನನಗೆ? ಬೇಕಿತ್ತು. ಮೂರನೆಯದು ಬೇಕಿತ್ತು. ಸುರಂಗದ ಹಳ್ಳಿಯವರು ಅದೇ ವಾರ ಕೋಣೆ ಭರ್ತಿ ಎಂದು ತಿಳಿಸಿದ್ದರಿಂದ ನನ್ನ ಹಾಳೆಯಲ್ಲಿ ಎರಡೇ ಉಳಿದಿದ್ದವು. ಎರಡರಲ್ಲಿ ಆರಿಸುವುದು ಹೇಗೆ? "ತಮ್ಮ ಕೋಟೇಶನ್ ಪರಿಶೀಲನೆಯಲ್ಲಿದೆ" ಎಂದು ಉತ್ತರಿಸಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಇನ್ನೊಂದು ಹಳ್ಳಿ ಹುಡುಕಿದೆ. ಅದು ಸಿಕ್ಕಿದ್ದು ಮರುವಾರದ ಮಂಗಳವಾರ. ಅಷ್ಟರಲ್ಲಿ ಶುಕ್ರವಾರ ಬಂದು ಹೋಗಿತ್ತು. ಕೋಣೆಯನ್ನು ಬೇರೆ ಸಂಸಾರಕ್ಕೆ ಕೊಡಬೇಕಾಯಿತು, ಬೇಸರಿಸಬೇಡಿ, ಆರನ್‌ಗೂ ಅನಾಯಾಗೂ ಮುತ್ತುಗಳು ಎಂದು ಆಕೆ ಬರೆದಿದ್ದರು. ಆಫೀಸಿನ ಟಾಯ್ಲೆಟ್ಟಿಗೆ ಹೋಗಿ ಮುಖ ತೊಳೆದುಕೊಂಡೆ.

ಅಲ್ಲಿಂದ ಮುಂದೆ ಇಳಿಜಾರೇ. ಒಂದು ಬಂದಾಗ ಇನ್ನೊಂದು ಹೋಯಿತು, ಮತ್ತೊಂದು ಬಂದಾಗ ದನದಹಳ್ಳಿಯೂ ಹೋಯಿತು. ನವೆಂಬರ್ ಕೊನೆಯ ಹೊತ್ತಿಗೆ ನನ್ನ ಹಾಳೆಯಲ್ಲಿ ಹನ್ನೊಂದು ಹಳ್ಳಿಗಳು ಕೆಂಪು ಗೆರೆ ಹೊಡೆಸಿಕೊಂಡು ಸತ್ತು ಬಿದ್ದಿದ್ದವು. ಲವೀನಾ ಎರಡು ಸಲ ಕೇಳಿದಾಗಲೂ "ಆಗ್ತಾ ಉಂಟು" ಎಂದಿದ್ದೆ. ಮೂರನೆಯ ಸಲ ಅವಳು ಬಸ್ಸಿಳಿದು ಬಂದು, ಕೈತೊಳೆದು, ನನ್ನ ಪಕ್ಕ ಕೂತು, "ತೋರಿಸು" ಎಂದಳು. ತೋರಿಸಿದೆ. ಮೇಲಿನಿಂದ ಕೆಳಗಿನವರೆಗೆ ಸಾಲು ಸಾಲಾಗಿ ಓದಿದಳು. ತೊಟ್ಟಿಲು, ಲಿಫ್ಟು, ಮಣ್ಣಿ, ಇಳಿಜಾರು, ಪಾದ್ರಿ. ಒಟ್ಟು ನಲವತ್ತೊಂದು ಸಾಲು. ಓದಿ ಮುಗಿಸಿ, "ಇದರಲ್ಲಿ ನಾನು ಕೇಳಿದ್ದು ಎಲ್ಲುಂಟು?" ಎಂದಳು.

ನಾನೂ ಹುಡುಕಿದೆ. ಇರಲಿಲ್ಲ.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. "ನಾನು ಆಸ್ಟ್ರಿಯಾ ಕೇಳಿದ್ದಲ್ಲ ಸ್ಟ್ಯಾನಿ. ಈ ಮನೆಯಲ್ಲಿ ಒಂದು ವಿಷಯ, ಒಂದೇ ಒಂದು, ನನ್ನನ್ನು ಬಿಟ್ಟು ಬೇರೆ ಯಾರಾದರೂ ತೀರ್ಮಾನ ಮಾಡಲಿ ಅಂತ ಕೇಳಿದ್ದು" ಎಂದಳು. ಎದ್ದು ಅಡುಗೆಮನೆಗೆ ಹೋಗಿ ಮಕ್ಕಳ ಬಾಟಲಿ ತೊಳೆಯತೊಡಗಿದಳು. ನಾನು ತೊಳೀತೇನೆ ಬಿಡು ಎನ್ನಲು ಹೋದವನು, ಬ್ರಷ್ ಎಲ್ಲುಂಟು ಎಂದು ಕೇಳಬೇಕಾಗುತ್ತದಲ್ಲ ಎಂದು ಬಾಗಿಲಲ್ಲೇ ನಿಂತೆ. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ಹಾಳೆ ಮುಚ್ಚಿ, ಯಾವ ಹಳ್ಳಿಯಾದರೂ ಸರಿ, ಫಾದರ್ ಹಳ್ಳಿಯಾದರೂ ಸರಿ, ಸಲಿಕೆ ಹಿಡಿದಾದರೂ ಸರಿ ಎಂದು ವೀಸಾ ಅಪಾಯಿಂಟ್‌ಮೆಂಟ್ ಹುಡುಕಲು ಕೂತೆ. ವೀಸಾ ಎಂಬುದೊಂದು ಉಂಟು ಎನ್ನುವುದೇ ನನಗೆ ಆ ದಿನ ನೆನಪಾದದ್ದು! ಐದು ಮಂದಿಗೆ ಒಟ್ಟಿಗೆ ಸಿಗುವ ದಿನ ಫೆಬ್ರವರಿಯವರೆಗೂ ಇರಲಿಲ್ಲ. ಖಲಾಸ್. ಆಫೀಸಿನ ಕುರ್ಚಿಯಲ್ಲಿ ಕೈಚೆಲ್ಲಿ ಕೂತೆ. ಕೋಟೇಶನ್ ಎಷ್ಟು ತರಿಸಿದರೂ ಕಾನ್ಸುಲೇಟು ಒಂದೇ ನೋಡಿ.

ಅದೇ ವಾರ ಲವೀನಾ ಬಸ್ಸಿನಲ್ಲಿ ಬರುತ್ತಾ ಫೋನು ತೆರೆದಾಗ ಯಾರೋ ಒಬ್ಬರು ರದ್ದು ಮಾಡಿದ ಒಂದು ವೀಸಾ ಅಪಾಯಿಂಟ್‌ಮೆಂಟ್ ಕಂಡಿತಂತೆ. ಒಬ್ಬರಿಗೆ ಮಾತ್ರ. ಬನಿಯಾಸ್‌ನ ಎರಡನೇ ಸಿಗ್ನಲ್ ದಾಟುವುದರೊಳಗೆ ಅವಳು ಅದನ್ನು ತನ್ನ ಹೆಸರಿಗೆ ಮಾಡಿಕೊಂಡಿದ್ದಳು. ಮನೆಗೆ ಬಂದು, "ನಾನೊಬ್ಬಳೇ ಹೋಗ್ತೇನೆ, ಐದು ದಿನ" ಎಂದಳು. ವರ್ಷ ತುಂಬುವ ಮಕ್ಕಳನ್ನು ಬಿಟ್ಟು ಹೋಗುವುದೇ ಎಂದು ಮಾಂಯ್ ಆಕ್ಷೇಪಿಸುತ್ತಾರೆ ಎಂದುಕೊಂಡು ಅವರ ಮುಖ ನೋಡಿದೆ. "ಹೋಗಿ ಬಾ ಮಗಾ. ಮಕ್ಕಳಿಗೆ ಸ್ಟ್ಯಾನಿ ಇದ್ದಾನಲ್ಲ" ಎಂದ ಅವರು, ನನ್ನ ಕಡೆ ಒಮ್ಮೆ ನೋಡಿ, "ನಾನೂ ಇದ್ದೇನೆ" ಎಂದು ಗಡಿಬಿಡಿಯಲ್ಲಿ ಸೇರಿಸಿದರು.

"ಉಳಿಯುವುದು ಎಲ್ಲಿ?" ಎಂದು ಮೆಲ್ಲಗೆ ಕೇಳಿದೆ.

"ನಿನ್ನ ಹಾಳೆಯಲ್ಲೇ ಇತ್ತು. ಮೊದಲನೇ ಕಾಲಮ್. ಮಕ್ಕಳಿಗೆ ಪ್ರವೇಶ ಇಲ್ಲ ಅಂತ ನೀನೇ ಬರೆದಿದ್ದಿಯಲ್ಲ, ಓದಿ ಜೀವ ಬಂದ ಹಾಗಾಯ್ತು. ಒಂದು ಕೋಣೆ ಖಾಲಿ ಇತ್ತು" ಎಂದಳು. ನಾಲ್ಕು ತಿಂಗಳಲ್ಲಿ ನನ್ನ ಹಾಳೆ ಯಾರದಾದರೂ ಉಪಯೋಗಕ್ಕೆ ಬಂದದ್ದು ಆ ಕೆಂಪು ಗೆರೆಯೊಂದರಿಂದ.

ಜನವರಿಯಲ್ಲಿ ಅವಳು ಹೊರಟಳು. ಏರ್‌ಪೋರ್ಟಿನಲ್ಲಿ ಮಕ್ಕಳಿಬ್ಬರನ್ನೂ ಬಿಗಿಯಾಗಿ ಅಪ್ಪಿ ಅತ್ತಳು. ಅತ್ತು ಮುಗಿಸಿ, ಹಿಂದಿರುಗಿ ನೋಡದೆ ಓಡುವವಳ ಹಾಗೆ ಒಳಗೆ ಹೋದಳು. ಎರಡನೆಯ ದಿನ ಒಂದು ಫೋಟೋ ಬಂತು. ಬಾಲ್ಕನಿ, ಒಂದು ಆರಾಮಕುರ್ಚಿ, ಕಂಬಳಿಯಿಂದ ಹೊರಗೆ ಚಾಚಿದ ಅವಳ ಎರಡು ಪಾದ, ಅದರಾಚೆ ಕಣ್ಣು ಹೋಗುವವರೆಗೂ ಹಿಮ. ಜೊತೆಗೆ ಒಂದು ಅಕ್ಷರವೂ ಇರಲಿಲ್ಲ. ಮಕ್ಕಳು ಹೇಗಿದ್ದಾರೆ ಎಂದು ಕೂಡ ಕೇಳಿರಲಿಲ್ಲ, ನನಗೆ ಸ್ವಲ್ಪ ಹೊಟ್ಟೆ ಉರಿಯಿತು. ಒಂದು ಭುಜದಲ್ಲಿ ಆರನ್, ಇನ್ನೊಂದು ಭುಜದಲ್ಲಿ ಅನಾಯಾ, ಬೆನ್ನಿನ ಮೇಲೆ ಇಬ್ಬರಲ್ಲಿ ಯಾರದೋ ಮಣ್ಣಿ. ಹಾಗೆಯೇ ಆ ಪಾದಗಳನ್ನು ಬಹಳ ಹೊತ್ತು ನೋಡುತ್ತಾ ನಿಂತೆ. ಆ ಕಾಲುಗಳು ಹನ್ನೆರಡು ಗಂಟೆ ವಾರ್ಡಿನಲ್ಲಿ ನಿಲ್ಲುತ್ತವೆ ಎಂದು ನೆನಪಾಗಿ ಹೊಟ್ಟೆಯುರಿ ತಣ್ಣಗಾಯಿತು.

ಮೂರನೆಯ ದಿನ ಬೆಳಿಗ್ಗೆ ಡೈಪರ್ ಮುಗಿಯಿತು. ಮಾಂಯ್ ಜಪಮಾಲೆ ಹಿಡಿದು ಕೂತಿದ್ದರು, ಎಬ್ಬಿಸುವುದು ಬೇಡವೆಂದು ಮಕ್ಕಳನ್ನು ಜೋಡಿ ಗಾಡಿಯಲ್ಲಿ ಕೂರಿಸಿ ಕೆಳಗಿನ ಸೂಪರ್ ಮಾರ್ಕೆಟ್ಟಿಗೆ ಹೋದೆ. ಕಪಾಟಿನಲ್ಲಿ ಮೂರು ಬಗೆಯವು ಇದ್ದವು. ನೀಲಿ, ಹಸಿರು, ಹಳದಿ. ಹೌದು, ಮೂರೇ. ಒಂದರ ಮೇಲೆ ಎಂಟರಿಂದ ಹದಿನಾಲ್ಕು ಕಿಲೋ ಎಂದಿದೆ, ಇನ್ನೊಂದರ ಮೇಲೆ ಒಂಬತ್ತರಿಂದ ಹನ್ನೆರಡು, ಮತ್ತೊಂದರಲ್ಲಿ ಕಿಲೋ ಬದಲು ತಿಂಗಳು. ಆರನ್ ಎಷ್ಟು ಕಿಲೋ? ಅನಾಯಾ ಅವನಿಗಿಂತ ಹೆಚ್ಚೋ ಕಡಿಮೆಯೋ? ಮೂರನ್ನೂ ಕೆಳಗಿಳಿಸಿ ನೆಲದ ಮೇಲೆ ಸಾಲಾಗಿ ಇಟ್ಟೆ. ಆರನ್ ರಾಗ ಎಳೆದ, ಅನಾಯಾ ಅದಕ್ಕೆ ದನಿ ಸೇರಿಸಿದಳು. ಆಚೆ ತರಕಾರಿ ತೂಗುತ್ತಿದ್ದವರೆಲ್ಲ ತಿರುಗಿ ನೋಡಿದರು. ಕೌಂಟರಿನ ಹುಡುಗಿ ಎದ್ದು ನಿಂತಳು. ಕೈ ತಾನಾಗಿಯೇ ಜೇಬಿಗೆ ಹೋಯಿತು, ಫೋನು ತಾನಾಗಿಯೇ ಕಿವಿಗೆ ಬಂತು.

ಬಹಳ ಹೊತ್ತು ರಿಂಗಾಯಿತು. ಆಮೇಲೆ ಲವೀನಾಳ ನಿದ್ದೆಯ ದನಿ: "ಹೇಳು."

"ಯಾವ ಡೈಪರ್?"

"ನೀಲಿ" ಎಂದಳು. ಕಟ್ ಆಯಿತು.

ನೀಲಿ ಪ್ಯಾಕೆಟ್ ಎತ್ತಿಕೊಂಡು ಲಿಫ್ಟಿನವರೆಗೆ ಬಂದಾಗ ತಲೆಗೆ ಹೊಳೆಯಿತು ನಾನು ಮಾಡಿದ್ದೇನೆಂದು. ಅಷ್ಟು ದೂರದ ಬೆಟ್ಟ ಹತ್ತಿ ಅವಳು ತಪ್ಪಿಸಿಕೊಂಡು ಹೋಗಿದ್ದೇ ಇದರಿಂದ! ಮತ್ತೆ ಫೋನ್ ಮಾಡಿ ತಪ್ಪಾಯ್ತು ಎನ್ನೋಣವೆಂದರೆ ಅದು ಇನ್ನೊಂದು ಫೋನಾಗುತ್ತದೆ. ಮೇಲೆ ಬಂದೆ. ಮಾಂಯ್ ಜಪ ಮುಗಿಸಿ ಬಾಗಿಲಲ್ಲೇ ನಿಂತಿದ್ದರು. ಕೈಯಿಂದ ಪ್ಯಾಕೆಟ್ ತೆಗೆದುಕೊಂಡು ತಿರುಗಿಸಿ ನೋಡಿದರು. "ಹೋ, ಸರಿಯಾದ್ದೇ ತಂದಿದ್ದಿ" ಎಂದು ಆಶ್ಚರ್ಯಪಟ್ಟರು. ಆಮೇಲೆ ಕಣ್ಣು ಕಿರಿದು ಮಾಡಿ, "ಲವೀನಾಗೆ ಫೋನ್ ಮಾಡಿ ಕೇಳಿದ್ದಲ್ಲ ತಾನೇ?" ಎಂದರು.

"ಇಲ್ಲಪ್ಪ" ಎಂದೆ. ಒಂದು ಕ್ಷಣವೂ ಯೋಚಿಸದೆ ನಾನು ಕೊಟ್ಟ ಉತ್ತರ, ಜನ್ಮದಲ್ಲಿ ಅದೊಂದೇ.